ಮೂರು ವರ್ಷದ ಫಿನ್ಲೆಂಡ್ ರೈ ವಿಸ್ಕಿಗೆ ನೂರಕ್ಕೆ ಎಷ್ಟು ಅಂಕ ಕೊಡಬಹುದು?

ನೆಂಟರು ತಂದುಕೊಟ್ಟ ಫಿನ್ಲೆಂಡಿನ ರೈ (ಗೋಧಿಯನ್ನು ಹೋಲುವ ಧಾನ್ಯ) ವಿಸ್ಕಿ ಗಂಟಲು ಸುಡುತ್ತದೆ, ಹಸಿ ಹಿಟ್ಟಿನ ವಾಸನೆ ಬರುತ್ತದೆ, ಹನ್ನೆರಡು ವರ್ಷದ ಸ್ಕಾಚಿನ ಪಕ್ಕದಲ್ಲಿಟ್ಟು ನೋಡಿದರೆ ಇದಕ್ಕೆ ಎಷ್ಟು ಅಂಕ, ಇಲ್ಲವಾದರೆ ಕೋಲಾ ಬೆರೆಸಿ ಮುಗಿಸಿಬಿಡಲೇ ಎಂದು ಕೇಳಿದ್ದೀರಿ. ಹೆಚ್ಚುಕಡಿಮೆ ಇದೇ ಮಾತನ್ನು ಆರು ವರ್ಷಗಳ ಹಿಂದೆ ಪೆರ್ಲದ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು ನಾನು ಆಡಿದ್ದೆ.

ನನ್ನ ತಂಗಿಯ ಗಂಡ ಫಿನ್ಲೆಂಡಿನಲ್ಲಿ ಉದ್ಯೋಗದಲ್ಲಿದ್ದಾರೆ. ಆ ವರ್ಷ ಆಟಿ ತಿಂಗಳಲ್ಲಿ ಊರಿಗೆ ಬಂದವರು ಒಂದೇ ಪೀಪಾಯಿಯಿಂದ ತುಂಬಿಸಿದ ಮೂರು ವರ್ಷದ ರೈ ವಿಸ್ಕಿಯ ಬಾಟಲಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ನಾನು ಒಂಬತ್ತು ವರ್ಷ ಬಹರೈನಿನ ಹೋಟೆಲೊಂದರ ಬಾರಿನಲ್ಲಿ ದುಡಿದು ಬಂದವನಾದ್ದರಿಂದ ನನ್ನ ಅಭಿಪ್ರಾಯಕ್ಕೆ ಅವರು ಬೆಲೆ ಕೊಡುತ್ತಿದ್ದರು. "ಆ ಪೀಪಾಯಿಯದ್ದು ಇನ್ನು ಕೆಲವೇ ಬಾಟಲಿ ಉಳಿದಿವೆ ಭಾವ, ನೀವು ಒಳ್ಳೆಯದೆಂದರೆ ಎರಡು ತೆಗೆದಿರಿಸಲು ಹೇಳುತ್ತೇನೆ" ಎಂದರು. ಕೋರಿ ರೊಟ್ಟಿಯ ಊಟವಾಗಿತ್ತು, ಹೊರಗೆ ಮಳೆ ಹೊಯ್ಯುತ್ತಿತ್ತು, ಎಲೆಯಡಿಕೆಯ ಹರಿವಾಣ ಪಕ್ಕದಲ್ಲೇ ಇತ್ತು. ಒಂದು ವೀಳ್ಯ ಜಗಿದು ಉಗಿದು ಬಂದು, ಅಗಲ ಬಾಯಿಯ ಗ್ಲಾಸಿಗೆ ಸುರಿದುಕೊಂಡು, ಎರಡು ಗುಟುಕು ಕುಡಿದು, "ಇದು ಇನ್ನೂ ವಿಸ್ಕಿ ಆಗಿಲ್ಲ ಭಾವ, ಹಣ ದಂಡ" ಎಂದುಬಿಟ್ಟೆ. ಮರುದಿನ ಬಂದ ನೆಂಟರಿಷ್ಟರಿಗೆ ಅದನ್ನು ಕೋಲಾದಲ್ಲಿ ಬೆರೆಸಿ ಕೊಟ್ಟವನೂ ನಾನೇ. ಬುಡದಲ್ಲಿ ಮೂರು ಬೆರಳಿನಷ್ಟು ಉಳಿಯಿತು.

ತಪ್ಪು ಎಲ್ಲಿ ಆಯಿತೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಊರಿನವರಲ್ಲಿ ಈ ತಪ್ಪನ್ನು ಮಾಡದವರು ಕಡಿಮೆ. ರೈ ಧಾನ್ಯದ ಜೀವಾಳವೇ ಅದರ ಖಾರ ಬೆರೆತ ಲವಂಗದ ಪರಿಮಳ. ರೈ ಕಾಳಿನಲ್ಲಿ ಫೆರುಲಿಕ್ ಆಮ್ಲ ಧಾರಾಳವಾಗಿದ್ದು, ಹುದುಗುವಾಗ ಅದರಲ್ಲಿ ಸ್ವಲ್ಪ ಭಾಗ ಲವಂಗದಂತೆ ವಾಸನೆ ಬೀರುವ ವಸ್ತುವಾಗಿ ಮಾರ್ಪಡುತ್ತದೆ. ಓಕ್ ಮರದ ಪೀಪಾಯಿಯೂ ಯೂಜಿನಾಲ್ ಎಂಬ, ಲವಂಗದ್ದೇ ಪರಿಮಳದ ಅಂಶವನ್ನು ಬಿಟ್ಟುಕೊಡುತ್ತದೆ. ವೀಳ್ಯದೆಲೆಯ ಎಣ್ಣೆಯಲ್ಲಿರುವುದೂ ಇದೇ ಯೂಜಿನಾಲ್ ಮತ್ತು ಅದರ ದಾಯಾದಿಗಳು. ಎಲೆ ಜಗಿದ ಬಾಯಿ ಲವಂಗದಲ್ಲೇ ಮಿಂದಿರುತ್ತದೆ, ಮೇಲಾಗಿ ಯೂಜಿನಾಲ್ ನಾಲಿಗೆಯನ್ನು ಜುಮ್ಮೆನಿಸಿ ಜಡಗೊಳಿಸುತ್ತದೆ. ಹೀಗಿರುವಾಗ ವಿಸ್ಕಿಯಲ್ಲಿನ ಲವಂಗ ಅದಕ್ಕೆ ಹೊಸದಾಗಿ ತಿಳಿಯುವುದಾದರೂ ಹೇಗೆ? ಅಡಿಕೆಯ ಟ್ಯಾನಿನ್ ಜೊಲ್ಲಿನ ಪ್ರೋಟೀನನ್ನು ಹಿಡಿದು ಬಾಯಿಯನ್ನು ಒಗರಾಗಿಸಿರುತ್ತದೆ. ಓಕ್ ಮರದ ಒಗರು ಅದರಡಿಯಲ್ಲಿ ಮುಚ್ಚಿಹೋಗುತ್ತದೆ. ಕೋಳಿಸಾರಿನ ಮೆಣಸು ಮೊದಲೇ ಉರಿ ಹಚ್ಚಿದ್ದರಿಂದ ಮದ್ಯಸಾರದ ಉರಿ ಇಮ್ಮಡಿಯಾಗಿ ಕಂಡಿತು. ಅಂದು ಒಂದು ವಿಸ್ಕಿಯಿಂದ ಅದರ ಲವಂಗ, ಅದರ ಮರ, ಅದರ ಸಿಹಿ ಮೂರನ್ನೂ ಕಳೆದು, ಉಳಿದ ಉರಿ ಮತ್ತು ಹಸಿ ಹಿಟ್ಟಿಗೆ ನಾನು ತೀರ್ಪು ಬರೆದೆ.

ಮೂರು ತಿಂಗಳ ಬಳಿಕ ಹಲ್ಲಿನ ಚಿಕಿತ್ಸೆಗೆಂದು ಮೂರು ವಾರ ಎಲೆಯಡಿಕೆ ಬಿಡಬೇಕಾಯಿತು. ಹಲ್ಲಿಗೆ ತುಂಬಿದ ಮದ್ದಿನ ಲವಂಗದ ವಾಸನೆಯೇ ನನಗೆ ಆ ರಾತ್ರಿಯನ್ನು ನೆನಪಿಸಿದ್ದು. ಚಿಕಿತ್ಸೆ ಮುಗಿದು ಬಾಯಿ ಸರಿಹೋದ ಮೇಲೆ ಒಂದು ಸಂಜೆ, ಚಹಾಕ್ಕೂ ಮೊದಲು, ಬಾಯಿ ಕಿರಿದಾದ ಗ್ಲಾಸಿಗೆ ಉಳಿದದ್ದರಲ್ಲಿ ಅರ್ಧವನ್ನು ಬಗ್ಗಿಸಿ ಹತ್ತು ನಿಮಿಷ ಸುಮ್ಮನೆ ಇಟ್ಟೆ. ಮೊದಲು ಬಂದದ್ದು ಕಾವಲಿಯ ಮೇಲೆ ಕಂದುಬಣ್ಣಕ್ಕೆ ತಿರುಗಿದ ರೊಟ್ಟಿಯ ಅಂಚಿನ ವಾಸನೆ. ಅದರ ಹಿಂದೆ ಲವಂಗ, ಒಣಶುಂಠಿ. ಗುಟುಕು ಇಳಿದ ಮೇಲೆ ಬೆಲ್ಲದ ಪಾಕ ಒಂದೆಳೆ ಬರುವ ಹೊತ್ತಿನ ಪರಿಮಳ. ಬಾಟಲಿಯೊಳಗೆ ಗಾಳಿ ಸೇರಿ ಉರಿ ಸ್ವಲ್ಪ ತಗ್ಗಿದ್ದೂ ಇದ್ದೀತು, ಆದರೆ ಇಲ್ಲದ ಲವಂಗವನ್ನು ಗಾಳಿ ಹುಟ್ಟಿಸುವುದಿಲ್ಲ. ಆ ರಾತ್ರಿಯೇ ಭಾವನಿಗೆ ಫೋನ್ ಮಾಡಿದೆ. ಪೀಪಾಯಿಯ ಬಾಟಲಿಗಳೆಲ್ಲ ಮಾರಾಟವಾಗಿದ್ದವು. ಅವರು ಬೇಸರದ ಮಾತೊಂದನ್ನೂ ಆಡಲಿಲ್ಲ, ಆದರೆ ಆಮೇಲೆ ನನ್ನ ಅಭಿಪ್ರಾಯ ಕೇಳಿ ಏನನ್ನೂ ತಂದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹನ್ನೆರಡು ವರ್ಷದ ಬಾರ್ಲಿಯ ಸ್ಕಾಚನ್ನು ಮೂರು ವರ್ಷದ ರೈಗೆ ಅಳತೆಗೋಲು ಮಾಡಲೇಬಾರದು. ಡಬಲ್ ಚೋಲಿಗೆ, ಅಂದರೆ ವರ್ಷಗಟ್ಟಲೆ ಇಟ್ಟ ಹಳೆ ಅಡಿಕೆಗೆ, ಹೊಸ ಅಡಿಕೆಗಿಂತ ಹೆಚ್ಚು ಧಾರಣೆ ಸಿಗುವ ಊರಿನವರು ನಾವು. ಹಳತಾದಷ್ಟೂ ಮೇಲು ಎಂಬ ನಂಬಿಕೆ ನಮಗೆ ಬಾಲ್ಯದಿಂದಲೇ ಬಂದಿದೆ. ಆದರೆ ಅಡಿಕೆ ಬಲ್ಲ ವ್ಯಾಪಾರಿ ಹೊಸ ಅಡಿಕೆಯನ್ನು ಡಬಲ್ ಚೋಲ್ ಆಗಿಲ್ಲವೆಂದು ಪಕ್ಕಕ್ಕೆ ತಳ್ಳುವುದಿಲ್ಲ. ಅದರಲ್ಲಿ ಪಟೋರ, ಕರಿಗೋಟು ಎಂಬ ಕೆಳದರ್ಜೆಯ ಅಡಿಕೆ ಎಷ್ಟೆಷ್ಟು ಎಂದು ನೋಡುತ್ತಾನೆ. ವಿಸ್ಕಿಯಲ್ಲೂ ಹಸಿ ಹಿಟ್ಟು, ಹಸಿರು ಸೇಬು, ಆಗ ತಾನೇ ಕೊಯ್ದ ಮರದ ವಾಸನೆಗಳು ಎಳೆತನದ ಗುರುತುಗಳು. ಉಗುರುಬಣ್ಣ ಅಳಿಸುವ ದ್ರಾವಣದ ಗಾಟು, ಕೊಳೆತ ಎಲೆಕೋಸಿನ ನಾತ, ಒದ್ದೆ ರಟ್ಟಿನ ರುಚಿ ಮುಂದೆ ನಿಂತರೆ ಅದು ಕರಿಗೋಟು. ಅದಕ್ಕೆ ಅಂಕ ಕಳೆಯಿರಿ.

ವರ್ಷದ ಲೆಕ್ಕವೂ ಊರಿಂದ ಊರಿಗೆ ಬೇರೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾದರೆ ಬೆಂಗಳೂರಿನ ಅಮೃತ್ ಭಟ್ಟಿಯಲ್ಲಿ ಶೇ. 10ರಿಂದ 12ರಷ್ಟು ಹೋಗುತ್ತದೆ. ಸೆಕೆಯ ಊರಿನ ಮೂರು ವರ್ಷವೂ ಚಳಿಯ ಊರಿನ ಮೂರು ವರ್ಷವೂ ಒಂದಲ್ಲ. ಯುರೋಪಿನ ಕಾನೂನು ವಿಸ್ಕಿಗೆ ಕನಿಷ್ಠ 3 ವರ್ಷ ಕೇಳುತ್ತದೆ, ಅಮೆರಿಕದಲ್ಲಿ ಸ್ಟ್ರೇಟ್ ರೈ ಎಂಬ ಹೆಸರಿಗೆ 2 ವರ್ಷ ಸಾಕು. ಫಿನ್ಲೆಂಡಿನ ಇಸೊಕ್ಯೂರೊ ಊರಿನ ಹಳೆಯ ಹೈನು ಕಾರ್ಖಾನೆಯಲ್ಲಿ ರೈ ವಿಸ್ಕಿ ಮಾಡುವ ಕ್ಯೂರೊ ಕಂಪನಿ ಸ್ಥಾಪನೆಯಾದದ್ದೇ 2012ರಲ್ಲಿ. ಇಂತಹ ಪ್ರದೇಶದ ವಿಸ್ಕಿ ಎಳೆಯದಾಗಿರುವುದು ಸಹಜ, ಅದರಲ್ಲಿ ಮೋಸವೇನೂ ಇಲ್ಲ.

ಕೋಲಾ ಬೇಡ. ಊಟಕ್ಕೆ ಮೊದಲು, ಎಲೆಯಡಿಕೆ ಹಾಕದ ದಿನ, ಇಪ್ಪತ್ತು ಮಿಲಿಲೀಟರ್ ಸಾಕು. ತುಟಿಯನ್ನು ತುಸು ತೆರೆದುಕೊಂಡು ಮೂಸಿದರೆ ಮದ್ಯಸಾರ ಮೂಗಿಗೆ ಅಷ್ಟಾಗಿ ಹೊಡೆಯುವುದಿಲ್ಲ. ಮೊದಲ ಗುಟುಕು ಬಾಯಿಯನ್ನು ಒಗ್ಗಿಸಲಷ್ಟೇ, ಅದರ ಮೇಲೆ ಏನನ್ನೂ ತೀರ್ಮಾನಿಸಬೇಡಿ. ಬಳಿಕ ಚಮಚದಿಂದ ಹನಿ ಹನಿಯಾಗಿ ನೀರು ಬೆರೆಸಿ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಗಣಕದಲ್ಲಿ ಲೆಕ್ಕ ಹಾಕಿ, ಮದ್ಯಸಾರ ಶೇ. 45ಕ್ಕಿಂತ ಕೆಳಗಿಳಿದಂತೆ ಗ್ವಾಯಕಾಲ್ ಎಂಬ ಪರಿಮಳದ ಅಣು ದ್ರವದ ಮೇಲ್ಮೈಗೆ ಹತ್ತಿರವಾಗುತ್ತದೆ ಎಂದು ತೋರಿಸಿದ್ದಾರೆ. ಗ್ಲಾಸನ್ನು ತೊಳೆಯದೆ ಇಟ್ಟು ಮರುದಿನ ಬೆಳಗ್ಗೆ ಮೂಸಿ ನೋಡಿ. ರೊಟ್ಟಿಯ ಅಂಚಿನ ವಾಸನೆ ಉಳಿದಿದ್ದರೆ ಧಾನ್ಯವೂ ಭಟ್ಟಿಯೂ ಒಳ್ಳೆಯವು. ಹೀಗೆ ಬೇರೆ ಬೇರೆ ಮೂರು ದಿನ ಸವಿದು ನೋಡುವ ಮೊದಲು ಅಂಕದ ಮಾತು ಬೇಡ. ಮತ್ತು ಬಾಟಲಿಯ ಚೀಟಿಯಲ್ಲಿ ಪೀಪಾಯಿಯ ಸಂಖ್ಯೆ ಬರೆದಿದ್ದರೆ, ಅದರದ್ದು ಇನ್ನೊಂದು ಬಾಟಲಿ ಉಳಿದಿದೆಯೇ ಎಂದು ನಿಮ್ಮ ನೆಂಟರನ್ನು ಈ ವಾರವೇ ಕೇಳಿಡಿ.