ಪಟದ ಅಂಚಿಗೆ ಕತ್ತರಿ ಹಾಕಿಸಬೇಡಿ

(ಬೆಂಗಳೂರಿನ ಅವೆನ್ಯೂ ರಸ್ತೆಯ ಪ್ರೆಸ್ಸಿನಲ್ಲಿ ಆಫ್‌ಸೆಟ್ ಮಿಷನ್ ನಡೆಸಿ ನಿವೃತ್ತರಾದ, ಹಳೆಯ ಅಚ್ಚುಪಟಗಳನ್ನು ಕೂಡಿಡುವ ಹಿರಿಯರೊಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ತವರಿನಿಂದ ಅಜ್ಜಿಯ ಕಾಲದ ಲಕ್ಷ್ಮಿ ಪಟ ತಂದಿದ್ದೇನೆ. ಸೀರೆಗೆ ಅಜ್ಜಿಯೇ ಜರಿ, ಚಮಕಿ ಅಂಟಿಸಿದ್ದರಂತೆ. ಗಾಜು ಒಡೆದಿದ್ದರಿಂದ ಕಟ್ಟು ಹಾಕಿಸಲು ಕೊಟ್ಟೆ. ಅಂಗಡಿಯವರು ಚಮಕಿ ಕಿತ್ತು, ಕೆಳಗಿನ ಬಿಳಿ ಅಂಚು ಕತ್ತರಿಸಿ, ಲ್ಯಾಮಿನೇಷನ್ ಮಾಡಿಕೊಡುತ್ತೇನೆ ಅನ್ನುತ್ತಾರೆ. ಅಂಚಿನಲ್ಲಿ ಇಂಗ್ಲಿಷಿನಲ್ಲಿ ‘ರವಿವರ್ಮ ಪ್ರೆಸ್, ಕಾರ್ಲಾ–ಲೋಣಾವಳ’ ಎಂದಿದೆ. ಇದು ರವಿವರ್ಮ ಕೈಯಾರೆ ಬರೆದದ್ದೇ?
– ಓದುಗರು, ಸಾಗರ

ಉತ್ತರ: ತಾಯಿ, ಮೊದಲು ಅಂಗಡಿಗೆ ಫೋನ್ ಮಾಡಿ ಕತ್ತರಿ ಮುಟ್ಟಿಸಬೇಡಿ ಅಂತ ಹೇಳಿ. ಮಿಕ್ಕಿದ್ದನ್ನು ಆಮೇಲೆ ಓದಿದರೂ ಆಗುತ್ತದೆ.

ನಿಮ್ಮಲ್ಲಿರುವುದು ಅಚ್ಚಾದ ಹಾಳೆ. ರವಿವರ್ಮರು ಬರೆಯುತ್ತಿದ್ದದ್ದು ಎಣ್ಣೆಬಣ್ಣದಲ್ಲಿ, ಬಟ್ಟೆಯ ಮೇಲೆ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದರೆ ಅಂಥ ಮೂಲಚಿತ್ರಗಳನ್ನೇ ನೋಡಬಹುದು. ಅವು ಅರಮನೆಯವರಿಗೆ. ಎಲ್ಲರ ಮನೆಗೂ ದೇವರ ಚಿತ್ರ ಸೇರಬೇಕು ಅಂತ ಅವರೂ ತಮ್ಮ ರಾಜರಾಜವರ್ಮರೂ 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ತೆರೆದರು. ಯಂತ್ರ ಜರ್ಮನಿಯದು, ಕೆಲಸ ಬಲ್ಲವರೂ ಅಲ್ಲಿಂದಲೇ ಬಂದವರು. ಮುಂಬಯಿಯಲ್ಲಿ ಪ್ಲೇಗ್ ಹಬ್ಬಿದ ಮೇಲೆ ಪ್ರೆಸ್ಸು ಲೋಣಾವಳದ ಹತ್ತಿರ, ಕಾರ್ಲಾ ಗುಹೆಗಳ ಪಕ್ಕದ ಮಳವಲಿಗೆ ಹೋಯಿತು (ನಮ್ಮ ಮಂಡ್ಯದ ಮಳವಳ್ಳಿ ಬೇರೆ). ಸಾಲ ತೀರಿಸಲಾಗದೆ ಕೆಲವೇ ವರ್ಷಗಳಲ್ಲಿ ಅದನ್ನು ಫ್ರಿಟ್ಜ್ ಶ್ಲೈಶರ್ ಎಂಬ ಜರ್ಮನ್ ತಂತ್ರಜ್ಞರಿಗೆ ಮಾರಬೇಕಾಯಿತು. ರವಿವರ್ಮರು ತೀರಿಕೊಂಡದ್ದು 1906ರಲ್ಲಿ. ಪ್ರೆಸ್ಸು ಅವರ ಹೆಸರಲ್ಲೇ ಆಮೇಲೂ ಎಷ್ಟೋ ಕಾಲ ನಡೆಯಿತು. ಧುರಂಧರರಂಥ ಬೇರೆ ಕಲಾವಿದರ ಚಿತ್ರಗಳೂ ಅಲ್ಲಿ ಅಚ್ಚಾದವು.

ಅಂಚಿನ ಸಾಲು ಮುಖ್ಯವಾಗುವುದು ಇದಕ್ಕೇ. ‘ಘಾಟ್‌ಕೋಪರ್’ ಎಂದಿದ್ದರೆ ಮುಂಬಯಿಯ ಕಾಲದ್ದು, ‘ಕಾರ್ಲಾ–ಲೋಣಾವಳ’ ಎಂದಿದ್ದರೆ ಊರು ಬಿಟ್ಟ ಮೇಲಿನದು. ‘ಪ್ರಿಂಟೆಡ್ ಇನ್ ಜರ್ಮನಿ’ ಎಂದಿರುವ ಕೃಷ್ಣ, ಗಣಪತಿಯರೂ ಸಿಗುತ್ತಾರೆ, ಅವು ಅಲ್ಲೇ ಅಚ್ಚಾಗಿ ಹಡಗಿನಲ್ಲಿ ಬಂದವು. ಮಳವಲಿಯ ಕಾರ್ಖಾನೆ 1972ರಲ್ಲಿ ಬೆಂಕಿಗೆ ಸಿಕ್ಕಿತು. ಇವತ್ತು ಆ ಪ್ರೆಸ್ಸಿನ ಚರಿತ್ರೆ ಹುಡುಕುವವರಿಗೆ ಮನೆಮನೆಯ ಗೋಡೆಯ ಮೇಲಿನ ಹಾಳೆಗಳೇ ಗತಿ. ಎರಡು ಬೆರಳಿನಗಲದ ಆ ಬಿಳಿ ಅಂಚು ಹೋದರೆ ನಿಮ್ಮ ಪಟ ಊರು, ಹೆಸರು, ಕಾಲ ಮೂರನ್ನೂ ಕಳೆದುಕೊಳ್ಳುತ್ತದೆ.

ಚಮಕಿಯನ್ನೂ ಬಿಡಿ. ಪಟದ ದೇವಿಗೆ ಜರಿ, ಮಣಿ, ರೇಷ್ಮೆ ತುಂಡು ಅಂಟಿಸಿ ಸೀರೆ ಉಡಿಸುವುದು ದಕ್ಷಿಣದ ಮನೆಗಳಲ್ಲಿ ಹೆಂಗಸರು ಪ್ರೀತಿಯಿಂದ ಮಾಡುತ್ತಿದ್ದ ಕೆಲಸ. ಪ್ರೆಸ್ಸಿನಿಂದ ಹೊರಟ ಹಾಳೆಗಳಲ್ಲಿ ಅಜ್ಜಿಯ ಕೈ ತಾಗಿದ್ದು ಇದೊಂದೇ. ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಬಿಡಿಸಹೋದರೆ ಬಣ್ಣವೂ ಜೊತೆಗೆ ಎದ್ದುಬರುತ್ತದೆ.

ಪ್ರಶ್ನೆ: ಲಿಥೋ, ಓಲಿಯೋಗ್ರಾಫ್, ಆಫ್‌ಸೆಟ್ – ಇವುಗಳ ವ್ಯತ್ಯಾಸವೇನು? ನೋಡಿ ಗುರುತಿಸಬಹುದೇ?
– ಕಲಾಶಾಲೆಯ ವಿದ್ಯಾರ್ಥಿ, ಧಾರವಾಡ

ಉತ್ತರ: ಖಂಡಿತ ಗುರುತಿಸಬಹುದು, ಒಂದು ಲೆನ್ಸ್ ಇದ್ದರೆ ಸಾಕು.

ಲಿಥೋ ಎಂದರೆ ಕಲ್ಲಚ್ಚು. ಕಂಡುಹಿಡಿದವರು ಜರ್ಮನಿಯ ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್, 1790ರ ದಶಕದ ಕೊನೆಯಲ್ಲಿ. ತಾವು ಬರೆದ ನಾಟಕಗಳನ್ನು ಕಡಿಮೆ ಖರ್ಚಿನಲ್ಲಿ ಅಚ್ಚು ಮಾಡಿಸುವ ದಾರಿ ಹುಡುಕುತ್ತಿದ್ದವರು ಅವರು. ಸೋಲ್ನ್‌ಹೋಫೆನ್‌ನ ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರವನ್ನು ಎಡಬಲ ತಿರುಗಿಸಿ ಬರೆಯಬೇಕು. ಗೋಂದಿಗೆ ತುಸು ಆಸಿಡ್ ಬೆರೆಸಿ ಸವರಬೇಕು. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಇಂಕಿನ ರೋಲರ್ ಉರುಳಿಸಿದರೆ, ಇಂಕು ಜಿಡ್ಡಿರುವಲ್ಲಿ ಮಾತ್ರ ಹಿಡಿಯುತ್ತದೆ, ನೀರಿರುವಲ್ಲಿ ಹಿಡಿಯುವುದಿಲ್ಲ. ಕೊರೆಯುವ ಕೆಲಸವೇ ಇಲ್ಲ. ಬಣ್ಣದ ಚಿತ್ರಕ್ಕಾದರೆ ಬಣ್ಣಕ್ಕೊಂದು ಕಲ್ಲು. ಒಂದು ಪಟಕ್ಕೆ ಹತ್ತಕ್ಕಿಂತ ಹೆಚ್ಚು ಕಲ್ಲು ಹಿಡಿದದ್ದೂ ಉಂಟು. ಹಾಳೆ ಪ್ರತಿ ಸಲವೂ ಅದೇ ಜಾಗದಲ್ಲಿ ಕೂರಬೇಕು. ಪ್ರೆಸ್ಸಿನಲ್ಲಿ ನಾವು ‘ರಿಜಿಸ್ಟರ್ ಕೂತಿದೆ’ ಅನ್ನುವುದು ಇದನ್ನೇ. ಕೂರದಿದ್ದರೆ ತುಟಿಯ ಕೆಂಪು ಕೆನ್ನೆಗೆ ಜರುಗುತ್ತದೆ.

ಓಲಿಯೋಗ್ರಾಫ್ ಕೂಡ ಈ ಬಣ್ಣದ ಕಲ್ಲಚ್ಚೇ. ಅಚ್ಚಾದ ಮೇಲೆ ಹಾಳೆಗೆ ಕ್ಯಾನ್‌ವಾಸಿನ ನೇಯ್ಗೆಯ ಗೆರೆಗಳನ್ನು ಒತ್ತಿ, ವಾರ್ನಿಷ್ ಬಳಿಯುತ್ತಾರೆ. ದೂರದಿಂದ ಎಣ್ಣೆಬಣ್ಣದ ಚಿತ್ರದಂತೆ ಕಾಣಲಿ ಎಂದು. ಓರೆ ಬೆಳಕಿಗೆ ಹಿಡಿದರೆ ಆ ನೇಯ್ಗೆ ಕಾಣುತ್ತದೆ. ಆಫ್‌ಸೆಟ್ಟಿನಲ್ಲೂ ನೀರು–ಜಿಡ್ಡಿನ ತತ್ವವೇ. ಕಲ್ಲಿನ ಬದಲು ಅಲ್ಯೂಮಿನಿಯಂ ಪ್ಲೇಟು, ಚಿತ್ರ ಅದರಿಂದ ರಬ್ಬರ್ ಬ್ಲಾಂಕೆಟ್ಟಿಗೆ (ಉರುಳೆಗೆ ಸುತ್ತಿದ ರಬ್ಬರ್ ಹಾಳೆ), ಬ್ಲಾಂಕೆಟ್ಟಿನಿಂದ ಕಾಗದಕ್ಕೆ.

ಈಗ ಲೆನ್ಸನ್ನು ದೇವಿಯ ಗಲ್ಲದ ಕೆಳಗಿನ ನೆರಳಿನ ಮೇಲಿಡಿ. ಆಫ್‌ಸೆಟ್ ಆದರೆ ನೀಲಿ, ಕೆಂಪು, ಹಳದಿ, ಕಪ್ಪು ನಾಲ್ಕೇ ಬಣ್ಣದ ಚುಕ್ಕಿಗಳು, ಎಲ್ಲ ಲೆಕ್ಕದ ಸಾಲಿನಲ್ಲಿ. ಕಲ್ಲಚ್ಚಾದರೆ ಚುಕ್ಕಿಗಳಿಗೆ ಸಾಲೇ ಇಲ್ಲ. ತಿಳಿಗುಲಾಬಿ, ಕಂದು, ಬೂದುನೀಲಿ, ಒಂದು ದಪ್ಪ, ಇನ್ನೊಂದು ಸಣ್ಣ. ನೆರಳು ಗಾಢವಾಗುವಲ್ಲಿ ಒತ್ತೊತ್ತಾಗಿ, ಬೆಳಕಿನ ಕಡೆಗೆ ವಿರಳವಾಗಿ. ಒಂದೊಂದು ಚುಕ್ಕಿಯನ್ನೂ ಒಬ್ಬ ಕೆಲಸಗಾರ ಕಲ್ಲಿನ ಮೇಲೆ ಬಗ್ಗಿ ಕೈಯಲ್ಲಿ ಇಟ್ಟದ್ದು. ಆತನ ಹೆಸರು ಪಟದ ಯಾವ ಅಂಚಿನಲ್ಲೂ ಇರುವುದಿಲ್ಲ. ಅದು ನನಗೆ ಇಂದಿಗೂ ನೋವಿನ ಸಂಗತಿ.

ಪ್ರಶ್ನೆ: ಟಿಪ್ಪು ಸುಲ್ತಾನರು ಮಡಿಯುವ ದೃಶ್ಯದ ಹಳೆಯ ಅಚ್ಚುಚಿತ್ರದ ಕೆಳಗೆ ‘ಪಿಂಕ್ಸ್ಟ್’, ‘ಸ್ಕಲ್ಪ್ಟ್’ ಎಂದಿದೆ. ಏನರ್ಥ?
– ಓದುಗರು, ಮೈಸೂರು

ಉತ್ತರ: ಲ್ಯಾಟಿನ್ ಪದಗಳ ಗಿಡ್ಡ ರೂಪಗಳು. ಸಾಮಾನ್ಯವಾಗಿ ಎಡಮೂಲೆಯ ‘ಪಿಂಕ್ಸ್ಟ್’ ಇರುವ ಹೆಸರು ಮೂಲಚಿತ್ರ ಬರೆದವರದು, ಬಲಮೂಲೆಯ ‘ಸ್ಕಲ್ಪ್ಟ್’ ಹೆಸರು ಅದನ್ನು ತಾಮ್ರದ ತಗಡಿನಲ್ಲಿ ಕೊರೆದವರದು. ‘ಡೆಲ್’ ಎಂದಿದ್ದರೆ ರೇಖಾಚಿತ್ರ ಮಾಡಿದವರು, ‘ಎಕ್ಸ್‌ಕ್’ ಎಂದಿದ್ದರೆ ಪ್ರಕಟಿಸಿ ಮಾರಿದವರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಥ ಹಾಳೆಗಳಿಗೆ ಲಂಡನ್ನಿನಲ್ಲಿ ದೊಡ್ಡ ಮಾರುಕಟ್ಟೆಯಿತ್ತು. ಹೆನ್ರಿ ಸಿಂಗಲ್ಟನ್ ಬರೆದು ಸ್ಕಿಯವೊನೆಟ್ಟಿ ಕೊರೆದದ್ದು ಅವುಗಳಲ್ಲಿ ಹೆಸರಾದದ್ದು. ಸಿಂಗಲ್ಟನ್ ಲಂಡನ್ನಿನ ಚಿತ್ರಕಾರ. 1791–92ರ ಯುದ್ಧದಲ್ಲಿ ಕಾರ್ನ್‌ವಾಲಿಸ್ ಸೈನ್ಯದ ಜೊತೆ ನಮ್ಮ ನೆಲದಲ್ಲಿ ಓಡಾಡಿ ಬರೆದ ರಾಬರ್ಟ್ ಹೋಮ್ ಬೇರೆ. ಯಾರ ಚಿತ್ರ ಅಂತ ತಿಳಿಯದೆ ಇಂಥದ್ದನ್ನು ಕಣ್ಣಾರೆ ಕಂಡದ್ದೆಂದು ನಂಬಬಾರದು. ಗೆದ್ದವರು ತಮ್ಮವರಿಗೆ ಮಾರಲು ಮಾಡಿದ ಚಿತ್ರ ಅದು.

ಇನ್ನೂ ಕೆಳಗೆ ‘ಪಬ್ಲಿಶ್ಡ್ ಆ್ಯಸ್ ದಿ ಆ್ಯಕ್ಟ್ ಡೈರೆಕ್ಟ್ಸ್’ ಎಂಬ ಸಾಲಿನಲ್ಲಿ ತಾರೀಖು ಇದೆಯೇ ನೋಡಿ. ಅಚ್ಚುಚಿತ್ರಗಳ ಹಕ್ಕು ಕಾಯುವ 1735ರ ಬ್ರಿಟಿಷ್ ಕಾನೂನಿನಿಂದ ಬಂದ ರೂಢಿ ಅದು. ಚಿತ್ರದ ಸುತ್ತ ಬೆರಳಾಡಿಸಿದರೆ ತಗಡಿನ ಅಂಚು ಒತ್ತಿದ ತಗ್ಗು ಗೆರೆಯೂ ಸಿಗಬೇಕು. ಸಿಗದಿದ್ದರೆ ಒಂದೋ ಇದು ಈಚಿನ ನಕಲು, ಇಲ್ಲವೇ ಯಾರೋ ಅಂಚು ಕತ್ತರಿಸಿದ್ದಾರೆ.

ಪ್ರಶ್ನೆ: ಕನ್ನಡಕ್ಕೂ ಕಲ್ಲಚ್ಚಿಗೂ ನಂಟಿದೆಯೇ?
– ಓದುಗರು, ಉಡುಪಿ

ಉತ್ತರ: ನಿಮ್ಮ ಪಕ್ಕದಲ್ಲೇ ಇದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1841ರಲ್ಲಿ ತೆರೆದದ್ದು ಕಲ್ಲಚ್ಚಿನ ಮುದ್ರಣಾಲಯವನ್ನೇ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರು ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಕಲ್ಲಿನ ಮೇಲೆ ಅಚ್ಚಾದದ್ದು. ಅಚ್ಚುಮೊಳೆ (ಲೋಹದ ಅಕ್ಷರ) ಎರಕ ಹೊಯ್ಯಬೇಕಿಲ್ಲ, ಜೋಡಿಸಬೇಕಿಲ್ಲ, ಒತ್ತಕ್ಷರವನ್ನೂ ಕೈಬರಹದಲ್ಲೇ ಇಳಿಸಬಹುದು. ಮರುವರ್ಷ ಅದು ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಬಳ್ಳಾರಿಯಲ್ಲಿ ಅಚ್ಚುಮೊಳೆಗೆ ಬದಲಾಯಿತು.

ಪ್ರಶ್ನೆ: ಹಳೆಯ ಪಟಗಳಿಗೆ ಹುಳು ಹಿಡಿದಿದೆ. ಅರಳಿಕಟ್ಟೆಗೆ ಇಟ್ಟು ಬರಲೇ?
– ಓದುಗರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಬೇಡ. ಮಳೆಗಾಲ ಕಳೆದ ಮೇಲೆ ಒಣಹವೆಯ ದಿನ ಹಿಂದಿನ ಮೊಳೆ ಕಿತ್ತು ಹಾಳೆಯನ್ನು ಹೊರತೆಗೆಯಿರಿ. ಹಳೆಯ ಮರದ ಹಲಗೆಯನ್ನು ಎಸೆಯಿರಿ, ಕಾಗದ ಕಂದುಗಟ್ಟುವುದಕ್ಕೆ ಅದೇ ಮುಖ್ಯ ಕಾರಣ. ಒಣಗಿದ ಮೆತ್ತನೆ ಬ್ರಷ್‌ನಿಂದ ದೂಳು ತೆಗೆಯಿರಿ. ಒದ್ದೆ ಬಟ್ಟೆ, ಫೆವಿಕಾಲ್, ಸೆಲೋಟೇಪ್ ಯಾವುದೂ ತಾಗಬಾರದು. ಹೊಸ ಕಟ್ಟು ಹಾಕಿಸುವಾಗ ಹಿಂದೆ ಆಸಿಡ್ ಇಲ್ಲದ ರಟ್ಟು ಕೇಳಿ ಹಾಕಿಸಿ. ಹಾಳೆಗೂ ಗಾಜಿಗೂ ನಡುವೆ ಮೌಂಟ್ (ನಡುವೆ ಕಿಟಕಿ ಕತ್ತರಿಸಿದ ರಟ್ಟು) ಇರಲಿ, ಇಲ್ಲದಿದ್ದರೆ ಮಲೆನಾಡಿನ ತೇವಕ್ಕೆ ವಾರ್ನಿಷ್ ಗಾಜಿಗೇ ಅಂಟಿಕೊಳ್ಳುತ್ತದೆ. ಮೌಂಟಿನ ಕಿಟಕಿಯನ್ನು ತುಸು ದೊಡ್ಡದಾಗಿ ಬಿಡಿಸಿ, ಕೆಳಗಿನ ಸಾಲು ಕಾಣುವಷ್ಟು.