ನಂದಿಯಿಂದಲೇ ವಾಪಸ್ ಹೋಗಬೇಡಿ, ಇನ್ನೂ ಮುಂದಕ್ಕೆ ಬನ್ನಿ

ಧಾರವಾಡದಿಂದ ಚಿಕ್ಕಬಳ್ಳಾಪುರಕ್ಕೆ ವರ್ಗವಾಗಿ ಬಂದಿದ್ದೀರಿ. ರಜೆ ದಿನ ಹತ್ತುವುದಕ್ಕೆ, ನಡೆಯುವುದಕ್ಕೆ ಎಲ್ಲಿ ಹೋಗಬಹುದು ಅಂತ ಕೇಳಿದ್ದೀರಿ. ಜೊತೆಗೆ, "ಆ ಕಡೆ ಬರೀ ಒಣ ಬಂಡೆ, ಮಾತೆಲ್ಲ ತೆಲುಗು ಅಂತಾರೆ, ಹೌದಾ?" ಅಂತಲೂ ಕೇಳಿದ್ದೀರಿ. ಬಂಡೆ ಹೌದು, ತೆಲುಗೂ ಹೌದು. ಆ ಬಂಡೆ ನಮಗೆ ಯಾಕೆ ಅಷ್ಟು ಇಷ್ಟ ಅಂತ ಹೇಳುತ್ತಾ ಹೋದರೆ ಎಲ್ಲಿಗೆ ಹೋಗಬೇಕು ಅನ್ನುವುದೂ ಗೊತ್ತಾಗುತ್ತದೆ.

ಮೊದಲು ನಂದಿ. ಎತ್ತರ 1,478 ಮೀಟರ್. ಶನಿವಾರ, ಭಾನುವಾರ ಬೆಳಗಿನ ಜಾವ ಬೆಂಗಳೂರಿನ ಕಾರುಗಳು ಬೆಟ್ಟದ ಬುಡದಿಂದಲೇ ಸಾಲು ನಿಂತಿರುತ್ತವೆ. ನೀವು ಇಲ್ಲೇ ಇರುವವರು, ವಾರದ ದಿನ ಹೋಗಿ. ಸುಲ್ತಾನ್‌ಪೇಟೆ ಕಡೆಯಿಂದ ಹಳೆಯ ಮೆಟ್ಟಿಲು ದಾರಿ ಇದೆ. ಆ ಹೊತ್ತಿಗೆ ಬಿಡುತ್ತಾರಾ ಅಂತ ಊರಿನಲ್ಲಿ ಕೇಳಿಕೊಂಡು ಹತ್ತಿ. ಇಳಿದ ಮೇಲೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಹತ್ತಿರ ಸ್ವಲ್ಪ ಹೊತ್ತು ಕೂತುಕೊಳ್ಳಿ. ಮೇಲೆ ಮಂಜು ನೋಡಲು ಬಂದವರಲ್ಲಿ ಎಷ್ಟೋ ಜನ ಈ ದೇವಸ್ಥಾನ ನೋಡದೆ ಹೋಗುತ್ತಾರೆ. ಒಂಬತ್ತನೇ ಶತಮಾನದಷ್ಟು ಹಳೆಯದು. ನನಗೆ ಬೆಟ್ಟಕ್ಕಿಂತ ಇದೇ ಜಾಸ್ತಿ ಇಷ್ಟ.

ನಂದಿ ಸಾಲಿನ ಬೆಟ್ಟಗಳ ಬಗ್ಗೆ ಒಂದು ವಿಷಯ ತಿಳಿದುಕೊಂಡರೆ ನಮ್ಮ ಜಿಲ್ಲೆಯೇ ಅರ್ಥವಾಗುತ್ತದೆ. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಲ್ಲ ಹುಟ್ಟುವುದು ಇಲ್ಲೇ ಆಸುಪಾಸಿನಲ್ಲಿ. ಹುಟ್ಟಿದ್ದೆಲ್ಲ ಆಂಧ್ರದ ಕಡೆಗೋ ತಮಿಳುನಾಡಿನ ಕಡೆಗೋ ಕಾವೇರಿಗೋ ಹೋಗುತ್ತದೆ. ನಮ್ಮಲ್ಲಿ ಉಳಿಯುವುದು ಮರಳು. ವರ್ಷಪೂರ್ತಿ ಹರಿಯುವ ಒಂದೇ ಒಂದು ಹೊಳೆ ಇಲ್ಲ. ಹಾಗಾಗಿ ಹಿಂದಿನವರು ಬಿದ್ದ ಮಳೆಯನ್ನು ಬಂಡೆಯ ಮೇಲೆ ನೀರು ನಿಲ್ಲುವ ಗುಂಡಿಯಲ್ಲಿ, ಅಂದರೆ ದೊಣೆಯಲ್ಲಿ ಹಿಡಿದರು, ಬಂಡೆಯ ಕೆಳಗೆ ಕೆರೆಯಲ್ಲಿ ಹಿಡಿದರು. ನಾನು ಹೇಳುವ ಜಾಗಗಳಲ್ಲಿ ಕಣ್ಣಿಟ್ಟು ನೋಡಿ. ಮೇಲೆ ಕೋಟೆ, ನಡುವೆ ದೊಣೆ, ಕೆಳಗೆ ಕೆರೆ. ಈ ಮೂರೂ ಜೊತೆಗಿರುವುದು ಸುಮ್ನೆ ಅಲ್ಲ.

ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು ಗುಡಿಬಂಡೆ. ಬೆಂಗಳೂರು–ಹೈದರಾಬಾದ್ ಹೆದ್ದಾರಿಯಲ್ಲಿ ಪೇರೇಸಂದ್ರದ ಹತ್ತಿರ ಎಡಕ್ಕೆ ತಿರುಗಬೇಕು. ಊರಿನ ತಲೆಯ ಮೇಲೇ ಬೆಟ್ಟ. ಹದಿನೇಳನೇ ಶತಮಾನದಲ್ಲಿ ಪಾಳೇಗಾರ ಬೈರೇಗೌಡ ಕಟ್ಟಿಸಿದ ಕೋಟೆ ಅದು. ಏಳು ಸುತ್ತಿನ ಗೋಡೆ. ಒಂದು ಬಾಗಿಲು ದಾಟಿದರೆ ಇನ್ನೊಂದು ಬಾಗಿಲು. ಮೆಟ್ಟಿಲು ಇರುವ ಕಡೆ ಮೆಟ್ಟಿಲು, ಇಲ್ಲದ ಕಡೆ ಬರೀ ಬಂಡೆ. ನಿಧಾನವಾಗಿ ಹತ್ತಿದರೂ ಒಂದು ಗಂಟೆಯಲ್ಲಿ ಶಿಖರದ ಶಿವನ ಗುಡಿ ಸೇರಬಹುದು. ಆದರೆ ಆತುರ ಬೇಡ. ದಾರಿಯಲ್ಲಿ ದೊಣೆಗಳು ಸಿಗುತ್ತವೆ, ಪ್ರತಿಯೊಂದರ ಹತ್ತಿರವೂ ನಿಲ್ಲಿ. ನೀರು ಎಲ್ಲಿಂದ ಹರಿದು ಬಂದು ಅದಕ್ಕೆ ಬೀಳುತ್ತದೆ ಅಂತ ಬಂಡೆಯ ಇಳಿಜಾರು ನೋಡಿದರೆ ತಿಳಿಯುತ್ತದೆ. ನೀರು ಹರಿದ ಕಡೆ ಕಪ್ಪು ಗೆರೆ ಬಿದ್ದಿರುತ್ತದೆ. ಶತ್ರು ಕೆಳಗೆ ಕೂತು ಮುತ್ತಿಗೆ ಹಾಕಿದರೆ ಮೇಲಿನವರು ಬದುಕಬೇಕಾದದ್ದು ಈ ನೀರಿನಿಂದಲೇ ಅಲ್ವಾ?

ಮೇಲೆ ನಿಂತು ಕೆಳಗೆ ನೋಡಿದರೆ ಅಮಾನಿ ಬೈರಸಾಗರ ಕೆರೆ. ತುಂಬಿದಾಗ ಭಾರತದ ನಕಾಶೆಯ ಹಾಗೆ ಕಾಣುತ್ತದೆ ಅಂತ ಊರಿನವರು ತೋರಿಸುತ್ತಾರೆ. ನೀವೂ ಹುಡುಕಿ, ಸಿಗುತ್ತದೆ. 2021ರ ನವೆಂಬರ್‌ನಲ್ಲಿ ಬಿಡದೆ ಮಳೆ ಹೊಯ್ದು ಜಿಲ್ಲೆಯ ಕೆರೆಗಳು ಕೋಡಿ ಬಿದ್ದವು. ಎಷ್ಟೋ ವರ್ಷ ಜಾಲಿ ಬೆಳೆದು ನಿಂತಿದ್ದ ಅಂಗಳದಲ್ಲಿ ನೀರು ನೋಡಿ ಜನ ಬಾಗಿನ ಕೊಟ್ಟರು, ಹೆಂಗಸರು ಆರತಿ ಎತ್ತಿದರು. ಹೊಳೆ ಇರುವ ಊರಿನಿಂದ ಬಂದವರಿಗೆ ಇದು ಜಾಸ್ತಿ ಅನ್ನಿಸಬಹುದು. ಇಲ್ಲಿ ಕೋಡಿ ಬೀಳುವುದೇ ಹಬ್ಬ.

ಬಂಡೆ ಹತ್ತುವುದಕ್ಕೆ ನಮ್ಮಲ್ಲಿ ಕುರಿ ಕಾಯುವವರು ಹೇಳುವ ಮಾತುಗಳು ಸಾಕು. ಆ ಕಪ್ಪು ಗೆರೆಯ ಮೇಲೆ ಒಣಗಿದಾಗ ಕಾಲಿಡಬಹುದು, ಒದ್ದೆ ಇದ್ದಾಗ ಇಡಲೇಬಾರದು. ಅದು ಪಾಚಿ, ಜಾರುತ್ತದೆ. ಬಂಡೆ ಬಿಸಿಲಿಗೆ ಕಾದು, ರಾತ್ರಿ ತಣ್ಣಗಾಗಿ, ವರ್ಷಾನುಗಟ್ಟಲೆ ಹೀಗೇ ಆಗಿ ಈರುಳ್ಳಿಯಂತೆ ಪದರ ಪದರ ಬಿಡುತ್ತದೆ. ತುಳಿದಾಗ ಟೊಳ್ಳು ಸದ್ದು ಬಂದರೆ ಅದು ಸಡಿಲವಾದ ಪದರ, ಪಕ್ಕಕ್ಕೆ ಸರಿಯಿರಿ. ಹತ್ತುವಾಗ ಸುಲಭ ಕಂಡದ್ದು ಇಳಿಯುವಾಗ ಹೆದರಿಸುತ್ತದೆ. ಇಳಿಯುವ ದಾರಿ ನೋಡಿಕೊಳ್ಳದೆ ಹತ್ತಬೇಡಿ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಕೆಳಗೆ ಬಂದುಬಿಡಿ. ಮಾರ್ಚ್ ಆದಮೇಲೆ ಮಧ್ಯಾಹ್ನದ ಬಂಡೆಯ ಮೇಲೆ ಕೈ ಊರಲೂ ಆಗುವುದಿಲ್ಲ.

ಗುಡಿಬಂಡೆಯಿಂದ ದೂರವಿಲ್ಲ ಆವಲಬೆಟ್ಟ. ರಸ್ತೆ ಮೇಲಿನವರೆಗೂ ಹೋಗುತ್ತದೆ. ಲಕ್ಷ್ಮೀನರಸಿಂಹಸ್ವಾಮಿಯ ಗುಡಿ ಇದೆ, ಗಾಳಿ ಚೆನ್ನಾಗಿದೆ. ಹೊರಗೆ ಚಾಚಿದ ಬಂಡೆಯೊಂದು ಫೋಟೋದಿಂದಾಗಿ ಹೆಸರಾಗಿದೆ. ಅದರ ತುದಿಗೆ ಹೋಗಿ ನಿಲ್ಲುವುದನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ. ದಯವಿಟ್ಟು ನೀವು ಆ ಕೆಲಸ ಮಾಡಬೇಡಿ.

ಸ್ಕಂದಗಿರಿ ನಿಮ್ಮ ಊರಿಗೆ ತೀರಾ ಹತ್ತಿರ. ನಮ್ಮವರಿಗೆ ಅದು ಕಳವಾರ ಬೆಟ್ಟ. ಅರಣ್ಯ ಇಲಾಖೆಯಲ್ಲಿ ಆನ್‌ಲೈನ್ ಬುಕಿಂಗ್ ಮಾಡಿಸಿಯೇ ಹೋಗಬೇಕು. ಕಡಿದಾದ ಏರು, ಮೇಲೆ ಪಾಳುಬಿದ್ದ ಕೋಟೆ, ಚಳಿಗಾಲದ ಬೆಳಿಗ್ಗೆ ಕಾಲ ಕೆಳಗೆ ಮೋಡ. ಚಿರತೆ ಓಡಾಡುವ ಕಾಡು, ಬುಕಿಂಗ್ ತಪ್ಪಿಸಿ ರಾತ್ರಿ ಟಾರ್ಚ್ ಹಿಡಿದು ನುಗ್ಗುವ ಗುಂಪಿನ ಜೊತೆ ಸೇರಬೇಡಿ.

ಚಿಂತಾಮಣಿ ಕಡೆ ಒಂದು ಇಡೀ ದಿನ ಇಟ್ಟುಕೊಳ್ಳಿ. ಅಂಬಾಜಿದುರ್ಗ ಮತ್ತು ಕೈಲಾಸಗಿರಿ ಅಕ್ಕಪಕ್ಕ. ಕೈಲಾಸಗಿರಿಯಲ್ಲಿ ಬಂಡೆ ಕೊರೆದು ಮಾಡಿದ ಗುಹಾಲಯ ಇದೆ, ಅದು ನಮ್ಮ ಕಾಲದ ಕೆಲಸ. ಅಂಬಾಜಿದುರ್ಗ ಹತ್ತುವವರು ಕಡಿಮೆ, ಅದೇ ಅದರ ಸುಖ. ಅಲ್ಲಿಂದ ಕೈವಾರಕ್ಕೆ ಬನ್ನಿ. ಭೀಮ ಬಕಾಸುರನನ್ನು ಕೊಂದದ್ದು ಇಲ್ಲೇ ಅಂತ ನಂಬಿಕೆ. ಬೆಟ್ಟ ಹತ್ತಿ ಇಳಿದು ಯೋಗಿ ನಾರೇಯಣ ಯತೀಂದ್ರರ ಮಠಕ್ಕೆ ಹೋಗಿ. ನಾವು ಅವರನ್ನು ಕೈವಾರ ತಾತಯ್ಯ ಅನ್ನುತ್ತೇವೆ. ಬಳೆ ಮಾರುತ್ತಿದ್ದವರು ಯೋಗಿಯಾದರು. ಅವರ ಕೀರ್ತನೆಗಳು ತೆಲುಗಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಭಜನೆಯಲ್ಲಿ ಒಂದಾದ ಮೇಲೊಂದು ಹಾಡುತ್ತಾರೆ, ಯಾರೂ ಭಾಷೆ ಎಣಿಸುವುದಿಲ್ಲ.

ನಿಮ್ಮ ತೆಲುಗಿನ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ ಹಳ್ಳಿಗಳಲ್ಲಿ ಮನೆ ಮಾತು ತೆಲುಗು, ಶಾಲೆ, ಕಚೇರಿ, ರಾಜ್ಯೋತ್ಸವ ಕನ್ನಡ. ಒಂದೇ ಮಾತಿನೊಳಗೆ ಎರಡೂ ಬಂದುಹೋಗುತ್ತವೆ. ನೀವು ಕನ್ನಡದಲ್ಲೇ ದಾರಿ ಕೇಳಿ. ಅಜ್ಜಿಯೊಬ್ಬರು "ರಾ ನಾಯನಾ, ನೀಳ್ಳು ತಾಗಿ ಪೋ" ಅಂದರೆ ಬಾಪ್ಪಾ, ನೀರು ಕುಡಿದು ಹೋಗು ಅಂತ. ಬೇಡ ಅನ್ನಬೇಡಿ. ನೀರು ಕಷ್ಟದ ಊರಿನಲ್ಲಿ ನೀರು ಕೊಡುವುದು ದೊಡ್ಡ ಮರ್ಯಾದೆ. ಬೆಟ್ಟದ ದಾರಿ ಅವರಿಗೆ ಗೊತ್ತಿರುವಷ್ಟು ನಿಮ್ಮ ಮೊಬೈಲಿನ ಮ್ಯಾಪ್‌ಗೆ ಗೊತ್ತಿರುವುದಿಲ್ಲ. ಹೆಜ್ಜೇನು ಯಾವ ಬಂಡೆಯಲ್ಲಿ ಕಟ್ಟಿದೆ, ಯಾವ ಗವಿಯ ಹತ್ತಿರ ಹೋಗಬಾರದು, ಎಲ್ಲ ಹೇಳುತ್ತಾರೆ.

ಕೋಲಾರದ ಅಂತರಗಂಗೆ ನನ್ನ ಮಟ್ಟಿಗೆ ಗುಡಿಬಂಡೆಯಷ್ಟೇ ದೊಡ್ಡದು. 2007ರವರೆಗೂ ನಾವು ಕೋಲಾರ ಜಿಲ್ಲೆಯವರೇ, ಹಾಗಾಗಿ ಅದನ್ನು ಬೇರೆ ಊರು ಅನ್ನಲು ಮನಸ್ಸು ಬಾರದು. ಪೇಟೆಯ ಪಕ್ಕದಲ್ಲೇ ಶತಶೃಂಗ ಬೆಟ್ಟದ ಸಾಲು. ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ಬೀಳುವ ನೀರು. ಸುತ್ತಲೂ ಇಷ್ಟು ಬರಗಾಲ ಕಂಡ ನೆಲದಲ್ಲಿ ಈ ನೀರು ನಿಲ್ಲದೆ ಬರುತ್ತದೆ ಅಂದರೆ ಜನ ಕೈಮುಗಿಯದೆ ಇರುತ್ತಾರಾ? ಗುಡಿ ದಾಟಿ ಮೇಲಕ್ಕೆ ಹೋದರೆ ಮನೆಯಷ್ಟು ದೊಡ್ಡ ಗುಂಡುಗಳು ಒಂದರ ಮೇಲೊಂದು ಬಿದ್ದಿವೆ. ಅವುಗಳ ಸಂದಿಯೇ ಗವಿ. ಕೆಲವು ಕಡೆ ನಿಂತು ನಡೆಯಬಹುದು, ಕೆಲವು ಕಡೆ ಹೊಟ್ಟೆಯ ಮೇಲೆ ತೆವಳಬೇಕು. ದಾರಿ ಬಲ್ಲ ಸ್ಥಳೀಯರಿಲ್ಲದೆ ಒಳಗೆ ಇಳಿಯಬೇಡಿ, ಕೈ ಖಾಲಿ ಇರಲಿ, ಬೆಳಕು ತಲೆಗೆ ಕಟ್ಟಿಕೊಳ್ಳಿ. ತಿಂಡಿಯ ಕವರ್ ಕೈಯಲ್ಲಿದ್ದರೆ ಕೋತಿಗಳು ಬಿಡುವುದಿಲ್ಲ.

ಗವಿ ನೋಡಿ ಅಲ್ಲಿಂದಲೇ ಇಳಿಯುವವರು ಬಹಳ. ಇನ್ನೂ ಮೇಲಕ್ಕೆ ಹೋದರೆ ಬೆಟ್ಟದ ನೆತ್ತಿಯಲ್ಲಿ ತೇರಹಳ್ಳಿ ಇದೆ. ಬೆಟ್ಟದ ಮೇಲೆ ಹೊಲ, ರಾಗಿ, ಎಮ್ಮೆ, ಶಾಲೆಗೆ ಹೊರಟ ಮಕ್ಕಳು. ನೀವು ಸಾಹಸ ಅಂದುಕೊಂಡು ಹತ್ತಿದ ದಾರಿಯನ್ನು ಅಲ್ಲಿಯವರು ಸಂತೆಗೆ, ಆಸ್ಪತ್ರೆಗೆ ಇಳಿದು ಹತ್ತಿದ್ದಾರೆ. ನನಗೆ ಇದು ಮುಖ್ಯ ಅನ್ನಿಸುತ್ತದೆ. ನಮ್ಮ ಕಡೆಯ ಯಾವ ಬೆಟ್ಟವೂ ಖಾಲಿ ಬೆಟ್ಟವಲ್ಲ. ಯಾರದೋ ಕುರಿ ಮೇಯುತ್ತದೆ, ಯಾರದೋ ಮನೆದೇವರಿದೆ, ಯಾರೋ ಅಲ್ಲಿ ಸೀತಾಫಲ ಕಿತ್ತು ಹೆದ್ದಾರಿ ಪಕ್ಕ ಮಾರಿ ಸಂಸಾರ ನಡೆಸುತ್ತಾರೆ. ಬಾಟಲಿ ಒಡೆದು ಬಂದರೆ ಆ ಗಾಜು ಚುಚ್ಚುವುದು ಅವರ ಕಾಲಿಗೆ.

ಓಡಾಡುವಾಗ ಅರ್ಧ ಕತ್ತರಿಸಿ ನಿಂತ ಬೆಟ್ಟಗಳೂ ಕಾಣುತ್ತವೆ. ಕಲ್ಲು ಗಣಿ. ಪೇರೇಸಂದ್ರದ ಹತ್ತಿರ ಹಿರೇನಾಗವಲ್ಲಿಯಲ್ಲಿ 2021ರ ಫೆಬ್ರವರಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಸತ್ತರು. ನೀರು ನಿಂತ ಹಳೆಯ ಕ್ವಾರಿ ಹಸಿರಾಗಿ ಚೆಂದ ಕಾಣುತ್ತದೆ, ಇಳಿಯಬೇಡಿ. ಅಂಚಿನಿಂದ ಒಂದು ಹೆಜ್ಜೆ ಇಟ್ಟರೆ ಎಷ್ಟು ಆಳವೋ ಹೇಳಲಾಗದು. ಕೆರೆಗಳಲ್ಲೂ ಈಜು ಬೇಡ. ಈಗ ಎಷ್ಟೋ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ತುಂಬಿಸುತ್ತಾರೆ. ಅಂತರ್ಜಲ ಏರಿದೆ ಅಂತ ಸಂತೋಷಪಡುವವರಿದ್ದಾರೆ, ನೀರಿನ ಗುಣದ ಬಗ್ಗೆ ಆತಂಕ ಪಡುವವರೂ ಇದ್ದಾರೆ. ಒಂದು ಬೆಟ್ಟ ಕತ್ತರಿಸಿದರೆ ದೊಣೆ ಹೋಗುತ್ತದೆ, ಕೆರೆಗೆ ಬರುವ ಕಾಲುವೆ ಹೋಗುತ್ತದೆ. ಹೊಸ ಬೆಟ್ಟ ಯಾರೂ ತಂದು ಇಡಲಾರರು. ಇದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಇನ್ನು ಮಧುಗಿರಿ. ಅದು ತುಮಕೂರು ಜಿಲ್ಲೆ, ಗೌರಿಬಿದನೂರು ದಾರಿಯಲ್ಲಿ ಹೋಗಿ. ಊರಿಗೆ ಹತ್ತಿರವಾದಂತೆ ಇಡೀ ಬೆಟ್ಟ ಒಂದೇ ಬಂಡೆಯಾಗಿ ಎದುರು ನಿಲ್ಲುತ್ತದೆ. ಮೊದಲ ಬಾಗಿಲುಗಳವರೆಗೆ ಸುಲಭ. ಆಮೇಲೆ ಮೆಟ್ಟಿಲು ಹೋಗಿ ಬಂಡೆಯಲ್ಲಿ ಕೆತ್ತಿದ ಕಾಲಿನ ಗುಳಿ ಮಾತ್ರ ಉಳಿಯುತ್ತದೆ. ಗಾಳಿ ಜೋರಾಗಿ ಹೊಡೆಯುತ್ತದೆ, ಕಂಬಿ ಇರುವ ಕಡೆ ಹಿಡಿದುಕೊಳ್ಳಬಹುದು, ಎಲ್ಲ ಕಡೆ ಇಲ್ಲ. ಅರ್ಧದಲ್ಲಿ ಭಯವಾದರೆ ಅಲ್ಲಿಂದಲೇ ಇಳಿಯಿರಿ, ಅದರಲ್ಲಿ ಅವಮಾನ ಏನೂ ಇಲ್ಲ. ಬೇರೆ ಯಾವ ಬೆಟ್ಟವೂ ಕಾಲಿಗೆ ಇಷ್ಟು ಕೆಲಸ ಕೊಡುವುದಿಲ್ಲ. ವಾಪಸ್ ಬರುವಾಗ ಹೊತ್ತಿದ್ದರೆ ಮೈದನಹಳ್ಳಿಯ ಹುಲ್ಲುಗಾವಲಿಗೆ ಹೋಗಿ, ಕೃಷ್ಣಮೃಗಗಳು ಹಿಂಡಾಗಿ ಕಾಣುತ್ತವೆ. ಗಾಡಿ ದಾರಿಯಲ್ಲೇ ನಿಲ್ಲಿಸಿ, ಓಡಿಸಬೇಡಿ.

ಕಾಲ ಯಾವುದು ಅಂದರೆ ಅಕ್ಟೋಬರ್‌ನಿಂದ ಜನವರಿ. ನಮ್ಮ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಜಾಸ್ತಿ ಬೀಳುವುದರಿಂದ ಆಗ ದೊಣೆಗಳಲ್ಲಿ ನೀರಿರುತ್ತದೆ, ಬೆಟ್ಟದ ಬುಡದಲ್ಲಿ ರಾಗಿ, ನೆಲಗಡಲೆ, ಅವರೆ. ಡಿಸೆಂಬರ್‌ನಲ್ಲಿ ಬಂದರೆ ಯಾವ ಮೆಸ್‌ನಲ್ಲೂ ಮುದ್ದೆಗೆ ಹಿದುಕಿದ ಅವರೆಬೇಳೆ ಸಾರು ಸಿಗುತ್ತದೆ. ಜೋಳದ ರೊಟ್ಟಿ ತಿಂದು ಬೆಳೆದವರು ಮುದ್ದೆಯನ್ನು ಅಗಿಯಲು ಹೋಗಬೇಡಿ, ಸಾರಿನಲ್ಲಿ ಅದ್ದಿ ನುಂಗಬೇಕು.

ಮೊದಲು ಗುಡಿಬಂಡೆಗೆ ಹೋಗಿ. ಬಂಡೆ ಕಾಲಿಗೆ ಅಭ್ಯಾಸವಾಗುತ್ತದೆ. ಆಮೇಲೆ ಅಂತರಗಂಗೆ, ತೇರಹಳ್ಳಿಯವರೆಗೂ. ಮಧುಗಿರಿಯನ್ನು ಕೊನೆಗೆ ಇಟ್ಟುಕೊಳ್ಳಿ, ಒಬ್ಬರೇ ಹೋಗಬೇಡಿ. ಹೊರಡುವ ಮುಂಚೆ ಒಂದು ಮಾತು ಹೇಳಿದರೆ ನಾನೂ ಬರುತ್ತೇನೆ.