ಸಮಾರೋಪದ ತಾಲೀಮು ಮತ್ತು ಹುಡುಗನೊಬ್ಬನ ಪ್ರಶ್ನೆ

(ಸಂಪಾದಕರ ಉತ್ತರ)

ಕಾರವಾರದ ಓದುಗರೊಬ್ಬರು, ತಮ್ಮ ಹೆಸರನ್ನೂ ತಮ್ಮ ಕ್ರೈಸ್ತ ಸಭೆಯ ಹೆಸರನ್ನೂ ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ, ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಏಪ್ರಿಲ್ ಕೊನೆಯ ವಾರ ಅವರ ಸಭೆಯಲ್ಲಿ ಮಕ್ಕಳ ಬೇಸಿಗೆ ಬೈಬಲ್ ಶಿಬಿರ, ಅಂದರೆ ಎಲ್ಲರೂ ವಿಬಿಎಸ್ ಎಂದು ಕರೆಯುವ ರಜಾ ಶಾಲೆ, ಸೋಮವಾರದಿಂದ ಶನಿವಾರದವರೆಗೆ ನಡೆಯಿತು. ಮಕ್ಕಳು 74. ಪತ್ರ ಬರೆದವರು ಪ್ರೈಮರಿ ತರಗತಿಯ ಶಿಕ್ಷಕಿ. ಮೂರನೆಯ ದಿನದಿಂದಲೇ ಸಮಾರೋಪದ ತಾಲೀಮು ಆರಂಭವಾಗಿ ಪಾಠವೆಲ್ಲ ಮೂಲೆಗೆ ಸರಿಯಿತೆಂಬುದು ಅವರ ಕೊರಗು. ಕಂಠಪಾಠದ ವಾಕ್ಯ ಒಪ್ಪಿಸಿದ ಹುಡುಗನೊಬ್ಬ ಅದರ ಅರ್ಥದ ಬಗ್ಗೆ ಕೇಳಿದ ಪ್ರಶ್ನೆಗೆ "ಆಮೇಲೆ ಹೇಳುತ್ತೇನೆ, ಈಗ ಡಾನ್ಸಿಗೆ ಹೋಗು" ಎಂದು ಕಳುಹಿಸಿದ್ದು ಇನ್ನೂ ಮನಸ್ಸನ್ನು ಚುಚ್ಚುತ್ತಿದೆ ಎಂದೂ ಬರೆದಿದ್ದಾರೆ. ಸಮಾರೋಪವನ್ನು ಕೈಬಿಡಬಹುದೇ, ನೆರೆಮನೆಯ ಹಿಂದೂ ಮಕ್ಕಳು ಬಂದರೆ ಸೇರಿಸಿಕೊಳ್ಳಬಹುದೇ ಎಂಬವು ಅವರ ಎರಡು ಪ್ರಶ್ನೆಗಳು.

ಪ್ರಿಯ ಸಹೋದರಿ,

ಪತ್ರದೊಂದಿಗೆ ಶಿಬಿರದ ವೇಳಾಪಟ್ಟಿಯನ್ನೂ ಇಟ್ಟು ಕಳುಹಿಸಿದ್ದು ಉಪಕಾರವಾಯಿತು. ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಬೆಳಿಗ್ಗೆ 9ರಿಂದ 12.30ರವರೆಗೆ, ದಿನಕ್ಕೆ ಮೂರೂವರೆ ಗಂಟೆಯಂತೆ ಆರು ದಿನಗಳಿಗೆ 21 ಗಂಟೆ. ಬುಧವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಎರಡು ಗಂಟೆ ತಾಲೀಮು, ಶನಿವಾರ ಪೂರ್ತಿ ವೇಷ, ಮೈಕು, ಸ್ವಾಗತ, ವಂದನಾರ್ಪಣೆ. ಅಲ್ಲಿಗೆ ಒಂಬತ್ತೂವರೆ ಗಂಟೆ ಹೋಯಿತು. ಸತ್ಯವೇದದ ಕಥೆಗೆ ಉಳಿದದ್ದು ದಿನಕ್ಕೆ 20 ನಿಮಿಷ. ಐದು ದಿನಕ್ಕೆ 1 ಗಂಟೆ 40 ನಿಮಿಷ. ಉಳಿದ ಹೊತ್ತು ಹಾಡು, ಕ್ರಾಫ್ಟ್, ಸಾಲಾಗಿ ನಿಲ್ಲಿಸುವುದು, ಅವಲಕ್ಕಿ ಮತ್ತು ಕೋಕಂ ಶರಬತ್ತಿನ ವಿರಾಮ. ವಿರಾಮದ ಬಗ್ಗೆ ನನ್ನ ತಕರಾರಿಲ್ಲ. ಏಪ್ರಿಲ್ ಕೊನೆಯ ಕಾರವಾರದ ಸೆಕೆಯಲ್ಲಿ ಶರಬತ್ತಿಲ್ಲದೆ ಯಾವ ಪಾಠವೂ ತಲೆಗೆ ಹತ್ತುವುದಿಲ್ಲ. ಆದರೆ ಬೈಬಲ್ ಶಿಬಿರವೆಂದು ಬ್ಯಾನರ್ ಕಟ್ಟಿ, ಕಥೆಗೆ ಕೊಟ್ಟ ಸಮಯದ ಐದು ಪಟ್ಟಿಗಿಂತ ಹೆಚ್ಚು ಸಮಯವನ್ನು ಒಂದು ಕಾರ್ಯಕ್ರಮಕ್ಕೆ ಕೊಟ್ಟರೆ, ಅದು ವಾರ್ಷಿಕೋತ್ಸವದ ತಯಾರಿ ಶಿಬಿರವಾಯಿತೇ ಹೊರತು ಬೇರೇನಲ್ಲ.

ಈ ರಜಾ ಶಾಲೆಗಳು ಹುಟ್ಟಿದ್ದು ವೇದಿಕೆಗಾಗಿ ಅಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಹೋಪ್‌ಡೇಲ್ ಎಂಬ ಚಿಕ್ಕ ಊರಿನಲ್ಲಿ 1894ರಲ್ಲಿ ಇಂಥದೊಂದು ಶಾಲೆ ನಡೆಯಿತು. ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಕಿಟೆಲರ ನಿಘಂಟನ್ನು ಹೊರತಂದ ವರ್ಷವೂ ಅದೇ. ಭಾನುವಾರದ ಒಂದು ಗಂಟೆಯಲ್ಲಿ ಏನೂ ಕಲಿಸಲಾಗದು ಎಂಬುದು ಹೋಪ್‌ಡೇಲಿನ ಶಾಲೆಯನ್ನು ನಡೆಸಿದ ಉಪಾಧ್ಯಾಯರ ಅಳಲಾಗಿತ್ತು. ನಾಲ್ಕು ವರ್ಷಗಳ ನಂತರ, 1898ರಲ್ಲಿ, ನ್ಯೂಯಾರ್ಕಿನ ಪೂರ್ವ ಭಾಗದ ಬಡ ಕೇರಿಗಳ ಮಕ್ಕಳು ಬೇಸಿಗೆಯಿಡೀ ಬೀದಿಯಲ್ಲಿ ಅಲೆಯುವುದನ್ನು ಕಂಡ ಎಲೈಜಾ ಹಾಸ್ ಎಂಬ ಮಹಿಳೆ, ಬಿಯರ್ ಮಾರುವ ಸಭಾಂಗಣವೊಂದನ್ನೇ ಬಾಡಿಗೆಗೆ ಹಿಡಿದು ಅಲ್ಲಿ ಮಕ್ಕಳಿಗೆ ಕಥೆ, ಹಾಡು, ಆಟ, ಕೈಕೆಲಸ ಕಲಿಸಿದರು. ಅಂಥ ಶಾಲೆಗಳು ವಾರಗಟ್ಟಲೆ ನಡೆಯುತ್ತಿದ್ದವು. ನಮ್ಮಲ್ಲಿ ಅದು ಐದಾರು ದಿನಕ್ಕೆ ಕುಗ್ಗಿದೆ, ಇರಲಿ; ಎಲ್ಲರಿಗೂ ಕೆಲಸವಿದೆ, ಮಕ್ಕಳಿಗೆ ಅಜ್ಜಿಮನೆಗೆ ಹೋಗುವುದಿದೆ. ಆದರೆ ಸಮಯ ಕುಗ್ಗಿದಾಗ ಮೊದಲು ಬಿಡಬೇಕಾದದ್ದನ್ನೇ ನಾವು ಉಳಿಸಿಕೊಂಡಿದ್ದೇವೆ.

ವೇದಿಕೆಯಿಂದ ಮಕ್ಕಳಿಗೆ ಧೈರ್ಯ ಬರುತ್ತದೆ ಎಂಬ ನಿಮ್ಮ ಹಿರಿಯರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಾನೂ ಶಿರಸಿಯಲ್ಲಿ ಎಂಟನೆಯ ವಯಸ್ಸಿನಲ್ಲಿ ಇಂಥ ಶಿಬಿರದ ನಾಟಕದಲ್ಲಿ ಕುರಿಯಾಗಿದ್ದವನೇ. ಮೇ ತಿಂಗಳಲ್ಲಿ ಕಂಬಳಿ ಹೊದ್ದು ಮಂಡಿಯೂರಿ ನಡೆದದ್ದು, ಕಂಬಳಿ ಚುಚ್ಚಿದ್ದು, ಕುರುಬನಾದವನು ಕೋಲನ್ನು ಬೆನ್ನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟದ್ದು ನೆನಪಿದೆ. ನಾಟಕದ ಕಥೆ ಯಾವುದೆಂಬುದು ನೆನಪಿಲ್ಲ. ಆದರೆ ಅದೇ ಶಿಬಿರದಲ್ಲಿ ನಮ್ಮ ಶಿಕ್ಷಕಿ ಫ್ಲಾನೆಲ್ ಬಟ್ಟೆ ಹೊದಿಸಿದ ಹಲಗೆಯ ಮೇಲೆ ಯೇಸುವನ್ನು ನೋಡಲು ಯೆರಿಕೋ ಊರಿನಲ್ಲಿ ಮರವೇರಿದ ಜಕ್ಕಾಯನ ಚಿತ್ರವನ್ನು ಮರಕ್ಕೆ ಹತ್ತಿಸಿ ಅಂಟಿಸಿದಾಗ, ಫ್ಯಾನಿನ ಗಾಳಿಗೆ ಅವನು ಪದೇ ಪದೇ ಕೆಳಗೆ ಬೀಳುತ್ತಿದ್ದುದು, ಕೊನೆಗೆ ಅವರು ಚಿತ್ರವನ್ನು ಬದಿಗಿಟ್ಟು ನಮ್ಮನ್ನೆಲ್ಲ ಹಿತ್ತಿಲಿನ ಅತ್ತಿಮರದ ಬುಡಕ್ಕೆ ಕರೆದೊಯ್ದು ಕಥೆಯನ್ನು ಮತ್ತೆ ಮೊದಲಿನಿಂದ ಹೇಳಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಯೆರಿಕೋವಿನ ಆ ಮರವೂ ಅತ್ತಿಯ ಜಾತಿಯದೇ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅವರಿಗೆ ಅದು ತಿಳಿದಿತ್ತೋ, ಹತ್ತಿರದಲ್ಲಿದ್ದ ಮರ ಅದೊಂದೇ ಆಗಿತ್ತೋ, ಕೇಳಲು ಈಗ ಅವರಿಲ್ಲ.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ಕೈಬಿಡಿ. ಪೂರ್ತಿ ಬಿಡಲು ಸಭೆಯ ಕಮಿಟಿ ಒಪ್ಪದಿದ್ದರೆ ಶನಿವಾರದ ಕೊನೆಯ ಒಂದು ಗಂಟೆಯನ್ನು ಮಾತ್ರ ತಂದೆತಾಯಿಯರಿಗೆ ಬಿಟ್ಟುಕೊಡಿ. ಅವರು ತರಗತಿಗಳಿಗೇ ಬಂದು ಚಾಪೆಯ ಮೇಲೆ ಕೂರಲಿ. ವಾರದಲ್ಲಿ ಕೇಳಿದ ಕಥೆಗಳಲ್ಲಿ ಒಂದನ್ನು ಮಕ್ಕಳೇ ತಮ್ಮ ಮಾತಿನಲ್ಲಿ ಹೇಳಲಿ. ತಾಲೀಮು ಬೇಡ. ಒಬ್ಬ ಮರೆತರೆ ಇನ್ನೊಬ್ಬಳು ನೆನಪಿಸುತ್ತಾಳೆ. ಎಪ್ಪತ್ತನಾಲ್ಕು ಮಕ್ಕಳಲ್ಲಿ ಏಳೆಂಟು ಮಂದಿ ಮುಂದೆ ಕುಣಿದು ಉಳಿದವರು ಹಿಂದಿನ ಸಾಲಿನಲ್ಲಿ ಕೈಯಾಡಿಸುವುದಕ್ಕಿಂತ ಇದರಲ್ಲಿ ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ. ಸಮಾರೋಪವಿಲ್ಲದಿದ್ದರೆ ಕಾಣಿಕೆ ಕೂಡುವುದಿಲ್ಲ ಎಂಬ ಮಾತಿದೆಯಲ್ಲ, ಅದಕ್ಕೆ ಶಿಬಿರಕ್ಕೆ ಮುಂಚಿನ ಭಾನುವಾರವೇ ಪುಸ್ತಕಕ್ಕಿಷ್ಟು, ತಿಂಡಿಗಿಷ್ಟು ಎಂದು ಲೆಕ್ಕವನ್ನು ಸಭೆಯ ಮುಂದಿಟ್ಟು ಕೇಳಿಬಿಡಬಹುದು. ಮಕ್ಕಳನ್ನು ಕುಣಿಸಿ ದುಡ್ಡು ಎತ್ತುವುದಕ್ಕಿಂತ ಬಾಯಿಬಿಟ್ಟು ಕೇಳುವುದು ಮರ್ಯಾದೆ.

ಹಾಗೆ ಉಳಿದ ಸಮಯದಲ್ಲಿ ಏನು ಮಾಡುವುದೆಂದು ನೀವು ಕೇಳಿಲ್ಲ; ಆದರೂ ಹೇಳುವ ಆಸೆಯಾಗುತ್ತದೆ, ಏಕೆಂದರೆ ನಿಮ್ಮ ಊರು ಅಂಥದು. ಅಚ್ಚಾದ ಪಾಠಪುಸ್ತಕಗಳಲ್ಲಿ ಗಲಿಲಾಯ ಸಮುದ್ರದ ಚಿತ್ರ ನೀಲಿ ಬಣ್ಣದ ಒಂದು ಪಟ್ಟಿ, ಅದರ ಮೇಲೆ ಆಟಿಕೆಯಂಥ ದೋಣಿ. ನಿಮ್ಮ ತರಗತಿಯಲ್ಲಿ ಬೈತಖೋಲದ ಬಂದರನ್ನು ದಿನವೂ ನೋಡುವ ಮಕ್ಕಳಿದ್ದಾರೆ. ಅವರಿಗೆ ಆ ಚಿತ್ರ ಏನು ಹೇಳೀತು? ಮೊದಲು ಅದು ಸಮುದ್ರವಲ್ಲ, ಸಿಹಿನೀರಿನ ಸರೋವರ ಎಂದು ಹೇಳಿ. ಉದ್ದ ಸುಮಾರು 21 ಕಿಲೋಮೀಟರ್, ಅಗಲ ಸುಮಾರು 13. ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ಕೆಳಗೆ, ಸುತ್ತ ಗುಡ್ಡಗಳ ನಡುವೆ ಬಟ್ಟಲಿನಲ್ಲಿಟ್ಟ ನೀರಿನಂತೆ ಇರುವುದರಿಂದ ಗುಡ್ಡದಿಂದ ಇಳಿದ ಗಾಳಿ ಹೇಳದೆ ಕೇಳದೆ ಎರಗುತ್ತದೆ. ಅಂಥ ಗಾಳಿಯಲ್ಲಿ ನೀರು ದೋಣಿಗೆ ನುಗ್ಗುತ್ತಿರುವಾಗ ಯೇಸು ಸ್ವಾಮಿ ಹಿಂಬದಿಯಲ್ಲಿ ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದರೆಂದು ಮಾರ್ಕನು ಬರೆದಿದ್ದಾನೆ. ದೋಣಿ ಬಲ್ಲ ಮಗುವಿಗೆ ಈ ಒಂದು ದಿಂಬು ಸಾಕು. "ಅಂಥ ಹೊತ್ತಿನಲ್ಲಿ ನಿದ್ದೆ ಹೇಗೆ ಬಂತು?" ಎಂದು ಅದೇ ಕೇಳುತ್ತದೆ, ಪಾಠ ಅಲ್ಲಿಂದ ಆರಂಭವಾಗುತ್ತದೆ.

ಬಲೆಯ ಸಾಮ್ಯವನ್ನು, ಅಂದರೆ ಯೇಸು ಹೇಳಿದ ಬಲೆಯ ದೃಷ್ಟಾಂತವನ್ನು, ತೆಗೆದುಕೊಳ್ಳಿ. ಮತ್ತಾಯನ ಸುವಾರ್ತೆ 13ನೆಯ ಅಧ್ಯಾಯ, 47ನೆಯ ವಚನದಿಂದ. ಬಲೆ ತುಂಬಿದ ಮೇಲೆ ಅದನ್ನು ದಡಕ್ಕೆಳೆದು, ಕುಳಿತು, ಒಳ್ಳೆಯ ಮೀನನ್ನು ಬುಟ್ಟಿಗೆ ತುಂಬಿ ಕೆಟ್ಟದ್ದನ್ನು ಎಸೆಯುತ್ತಾರೆ. ಇದು ನಮ್ಮ ರಂಪಣಿಯೇ. ದೋಣಿ ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು ಬರುವುದು, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತ ಎರಡು ಗುಂಪು ಎಳೆಯುವುದು, ಮರಳಿನ ಮೇಲೆ ಬಂಗುಡೆ ತಾರ್ಲೆ ಬೇರೆಯಾಗಿ, ಕಸ ಬೇರೆಯಾಗಿ ಬೀಳುವುದು. 1970ರ ದಶಕದ ನಡುವಿನಲ್ಲಿ ಮೀನಿನ ಗುಂಪನ್ನು ನೀರಿನಲ್ಲೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ದೊಡ್ಡ ರಂಪಣಿಗಳು ಕಡಿಮೆಯಾದವು ನಿಜ. ಆದರೂ ನಿಮ್ಮ ಮಕ್ಕಳ ಅಜ್ಜಂದಿರಲ್ಲಿ ಹಗ್ಗ ಎಳೆದವರು ಸಿಕ್ಕಾರು. ಒಂದು ಸ್ವಾರಸ್ಯವನ್ನೂ ಸೇರಿಸಿ: ಮೋಶೆಯ ನಿಯಮದಂತೆ ರೆಕ್ಕೆಯೂ ಪೊರೆಯೂ ಇಲ್ಲದ ಜಲಚರಗಳನ್ನು ಯೆಹೂದ್ಯರು ತಿನ್ನುವಂತಿರಲಿಲ್ಲ. ಹಾಗಾದರೆ ಸಿಗಡಿ, ಏಡಿ? ಅವೂ ಇಲ್ಲ. ಕಾರವಾರದ ಮಗುವೊಂದು ಇದನ್ನು ಕೇಳಿದಾಗ ಅದರ ಮುಖ ಹೇಗಾಗುತ್ತದೆ ಎಂದು ನೋಡಲು ನಾನೇ ನಿಮ್ಮ ತರಗತಿಗೆ ಬರಬೇಕೆನಿಸುತ್ತದೆ.

ಭಾಷೆಯ ತೊಡಕನ್ನೂ ನೀವು ಬರೆದಿದ್ದೀರಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ನೌಕಾನೆಲೆಯ ವಸತಿಯಿಂದ ಬರುವವರಲ್ಲಿ ಮಲಯಾಳ, ತಮಿಳು, ಹಿಂದಿ. ಸಭೆಯಲ್ಲಿ ಮಾತ್ರ ಕನ್ನಡ. ಹೀಗಿರುವಾಗ ಕಂಠಪಾಠ ಬರಿಯ ಸದ್ದಾಗುವುದು ಸಹಜ. ನಿಮ್ಮ ಹುಡುಗನ ಪ್ರಶ್ನೆ ಅದಕ್ಕೇ ನನಗೆ ಅಷ್ಟು ಹಿಡಿಸಿತು. 23ನೆಯ ಕೀರ್ತನೆಯ "ಯೆಹೋವನು ನನಗೆ ಕುರುಬನು; ಕೊರತೆಪಡೆನು" ಎಂಬ ವಾಕ್ಯವನ್ನು ತಪ್ಪಿಲ್ಲದೆ ಒಪ್ಪಿಸಿ, ನಕ್ಷತ್ರದ ಸ್ಟಿಕ್ಕರನ್ನೂ ಪಡೆದು, "ಕುರುಬ ಇದ್ದರೂ ಕೊರತೆ ಯಾಕೆ ಪಡೆದ, ಟೀಚರ್?" ಎಂದು ಅವನು ಕೇಳಿದ. ಅವನ ಕಿವಿಗೆ ಅದು "ಪಡೆದೆನು" ಎಂದು ಬಿದ್ದಿದೆ. ತಪ್ಪು ಅವನದಲ್ಲ. "ಪಡೆನು" ಎಂಬುದು "ಪಡೆ" ಎಂಬ ಧಾತುವಿನದಲ್ಲ, "ಪಡು" ಎಂಬುದರದು. "ಪಡುವುದಿಲ್ಲ" ಎಂದು ನಾವು ಈಗ ಹೇಳುವುದನ್ನು ಹಿಂದಿನವರು "ಇಲ್ಲ" ಸೇರಿಸದೆಯೇ ಹೇಳುತ್ತಿದ್ದರು. ಒಲ್ಲೆ, ಅರಿಯೆ, ಕಾಣೆ ಎಂಬವು ಅದೇ ಮನೆತನದ ಮಾತುಗಳು. ಎರಡನೆಯ ಸಲ ಬಡಿಸಲು ಬಂದಾಗ "ಒಲ್ಲೆ" ಎಂದರೆ ಬೇಡ ಎಂದರ್ಥವಲ್ಲವೇ, ಹಾಗೆಯೇ "ಪಡೆನು" ಎಂದರೆ ಪಡುವುದಿಲ್ಲ ಎಂದರೆ ಅವನಿಗೆ ತಿಳಿಯುತ್ತದೆ. ವಾಕ್ಯವನ್ನು ಒಪ್ಪಿಸಿದ ಎಲ್ಲ ಮಕ್ಕಳಲ್ಲಿ ಅದನ್ನು ನಿಜವಾಗಿ ಕೇಳಿಸಿಕೊಂಡವನು ಅವನೊಬ್ಬನೇ ಇರಬಹುದು. ದಿನಕ್ಕೊಂದರಂತೆ ಆರು ವಾಕ್ಯ ಬೇಡ. ವಾರಕ್ಕೆ ಎರಡು ಸಾಕು, ಆದರೆ ಪ್ರತಿ ಪದವನ್ನೂ ಬಿಡಿಸಿ, ಬೇಕಾದರೆ ಕೊಂಕಣಿಯಲ್ಲಿ ಹೇಳಿ, ಆಮೇಲೆ ಬಾಯಿಪಾಠ ಮಾಡಿಸಿ.

ಇನ್ನು ನೆರೆಮನೆಯ ಮಕ್ಕಳ ವಿಷಯ. ನಿಮ್ಮ ಓಣಿಯ ಒಬ್ಬ ತಂದೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, ತನ್ನ ಮಗಳು ಗೆಳತಿಯ ಜೊತೆ ಮೂರು ದಿನ ಶಿಬಿರಕ್ಕೆ ಬಂದದ್ದು ತನಗೆ ಗೊತ್ತೇ ಇರಲಿಲ್ಲವೆಂದು ಸಿಟ್ಟಿನಿಂದ ಮಾತನಾಡಿದರೆಂದು ಬರೆದಿದ್ದೀರಿ. ಇದರಲ್ಲಿ ನಾನು ಅವರ ಕಡೆಗಿದ್ದೇನೆ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಅಪ್ರಾಪ್ತ ವಯಸ್ಸಿನ ಮಗುವನ್ನು ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಯಲ್ಲಿ ಪಾಲ್ಗೊಳಿಸುವಂತಿಲ್ಲವೆಂದು ಸಂವಿಧಾನದ 28ನೆಯ ವಿಧಿಯ 3ನೆಯ ಖಂಡ ಹೇಳುತ್ತದೆ. ಸಭೆಯ ಶಿಬಿರ ಅಂಥ ಶಾಲೆಯಲ್ಲ, ಆ ವಿಧಿ ನೇರವಾಗಿ ನಮಗೆ ತಗಲುವುದಿಲ್ಲ ಎಂದು ವಾದಿಸಬಹುದು. ಆದರೆ ನಮ್ಮ ಮಗು ಹೇಳದೆ ಕೇಳದೆ ಇನ್ನೊಂದು ಮನೆಯ ಪೂಜೆಯಲ್ಲಿ ಮೂರು ದಿನ ಕುಳಿತು ಬಂದರೆ ನಮಗೆ ಹೇಗನ್ನಿಸೀತು ಎಂದು ಯೋಚಿಸಿದರೆ ವಾದ ಬೇಕಾಗುವುದಿಲ್ಲ. ಬರುವ ಮಕ್ಕಳನ್ನು ಬಾಗಿಲಲ್ಲಿ ತಡೆಯಿರಿ ಎಂದೂ ಹೇಳಲಾರೆ, ಕೇಳದೆ ಕೂರಿಸಿಕೊಳ್ಳಿ ಎಂದೂ ಹೇಳಲಾರೆ. ಮೊದಲ ದಿನವೇ ಕನ್ನಡದಲ್ಲಿ ಒಂದು ಹಾಳೆ ಮನೆಗೆ ಹೋಗಲಿ: ಇದು ಬೈಬಲ್ ಶಿಬಿರ, ಇಲ್ಲಿ ಯೇಸು ಸ್ವಾಮಿಯ ಕಥೆ ಹೇಳುತ್ತೇವೆ, ಪ್ರಾರ್ಥನೆ ಇರುತ್ತದೆ, ನೀವೂ ಬಂದು ಕುಳಿತು ನೋಡಬಹುದು ಎಂದು. "ರಜಾ ಮೋಜಿನ ಶಿಬಿರ" ಎಂದು ಬರೆದು ಒಳಗೆ ಬೇರೆಯದನ್ನು ನಡೆಸುವುದು ನಮಗೆ ಶೋಭಿಸುವುದಿಲ್ಲ. ಸಹಿಯಾಗಿ ಬಂದರೆ ಸಂತೋಷದಿಂದ ಸೇರಿಸಿಕೊಳ್ಳಿ, ಬರದಿದ್ದರೆ ಮಗುವಿಗೆ ಬೇಸರವಾಗದಂತೆ ಮನೆಗೆ ಬಿಟ್ಟು ಬನ್ನಿ.

ಇದರೊಂದಿಗೆ ಇನ್ನೊಂದು ಮಾತು. ಐದನೆಯ ದಿನ "ಯೇಸುವನ್ನು ಅಂಗೀಕರಿಸುವವರು ಕೈ ಎತ್ತಿ" ಎಂದು ಮಕ್ಕಳನ್ನು ಕೇಳಿ, ಎತ್ತಿದ ಕೈಗಳನ್ನು ಎಣಿಸಿ ವರದಿಗೆ ಹಾಕುವ ಪದ್ಧತಿ ನಿಮ್ಮಲ್ಲೂ ಇದೆಯೆಂದು ತಿಳಿದು ಬೇಸರವಾಯಿತು. ಆರೇಳು ವರ್ಷದ ಮಗು ಬಿಸ್ಕತ್ತು ಯಾರಿಗೆ ಬೇಕೆಂದರೂ ಕೈ ಎತ್ತುತ್ತದೆ, ಮೂತ್ರಕ್ಕೆ ಹೋಗಲೂ ಎತ್ತುತ್ತದೆ. ನಮ್ಮ ಮನೆಯ ಮಕ್ಕಳ ವಿಷಯದಲ್ಲೇ ಆ ಎಣಿಕೆಗೆ ಅರ್ಥವಿಲ್ಲ. ನೆರೆಮನೆಯ ಮಗುವಿನ ವಿಷಯದಲ್ಲಂತೂ ಅದು ತಪ್ಪು, ಆ ತಂದೆಯ ಸಿಟ್ಟಿಗೆ ಕಾರಣವೂ ಅದೇ ಇರಬಹುದು. ಸಭಾಪಾಲಕರೊಂದಿಗೆ ನೀವೇ ಹೋಗಿ ಅವರನ್ನು ಮನೆಯಲ್ಲಿ ಕಂಡು ಬನ್ನಿ.

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಶಾಲೆಗಳು ತೆರೆದಿರುತ್ತವೆ. ಜೂನ್ 1ರಿಂದ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟಿಗೆ ಹೋಗುವ ಅಪ್ಪಂದಿರು ಊರಿನಲ್ಲೇ ಇದ್ದು ಬಲೆ ಹೆಣೆಯುತ್ತಿರುತ್ತಾರೆ. ಯೇಸು ಕರೆದಾಗ ಯಾಕೋಬ ಯೋಹಾನರೂ ದೋಣಿಯಲ್ಲಿ ಕುಳಿತು ಬಲೆಯನ್ನು ಸರಿಪಡಿಸುತ್ತಿದ್ದರು. ಮಳೆ ಬಿಡುವು ಕೊಟ್ಟ ಒಂದು ಭಾನುವಾರ, ಸಂಡೇ ಸ್ಕೂಲಿಗೆ ಅವರಲ್ಲೊಬ್ಬರನ್ನು ಬಲೆ ಸಮೇತ ಕರೆತನ್ನಿ. ಬರುವ ಏಪ್ರಿಲ್‌ವರೆಗೆ ಕಾಯಬೇಕಾಗಿಲ್ಲ. ಆ ಹುಡುಗನಿಗೆ "ಆಮೇಲೆ ಹೇಳುತ್ತೇನೆ" ಎಂದಿದ್ದೀರಲ್ಲ, ಆ ಭಾನುವಾರ ಹಾಜರಿ ಕರೆಯುವ ಮೊದಲೇ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು "ಪಡೆನು" ಎಂದರೇನೆಂದು ಹೇಳಿಬಿಡಿ. ಅವನು ಇನ್ನೇನು ಕೇಳಿದನೆಂದು ನಮಗೂ ಬರೆಯಿರಿ.

— ಸಂಪಾದಕ